ಗುಡ್ಡ ಕಡಿದವನ ಹೊಣೆ ಎಲ್ಲಿಯವರೆಗೆ?

2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಬದಿಯ ಗುಡ್ಡ ಕುಸಿಯಿತು. ರಸ್ತೆ ಬದಿಯಲ್ಲಿ ಚಹಾ ಅಂಗಡಿ ನಡೆಸುತ್ತಿದ್ದ ಕುಟುಂಬ ಮಣ್ಣು ಪಾಲಾಯಿತು. ವಾಹನ ನಿಲ್ಲಿಸಿದ್ದ ಚಾಲಕರೂ ಅದರೊಂದಿಗೆ ಹೋದರು. ಮಣ್ಣು ಗಂಗಾವಳಿ ನದಿಗೆ ಬಿದ್ದ ರಭಸಕ್ಕೆ ನೀರು ಉಕ್ಕಿ ಎದುರು ದಡದ ಉಳುವರೆಯ ಮನೆಗಳಿಗೆ ನುಗ್ಗಿತು. ಕೇರಳದ ಲಾರಿ ಚಾಲಕರೊಬ್ಬರ ಮೃತದೇಹ ಲಾರಿಯ ಸಮೇತ ನದಿಯ ತಳದಿಂದ ಮೇಲೆ ಬಂದದ್ದು ಸೆಪ್ಟೆಂಬರ್ 25ರಂದು. ಮಯ್ಯಿತ್ ಕಾಣದೆ ಎರಡು ತಿಂಗಳು ಕಳೆಯುವ ಮನೆಯ ಸ್ಥಿತಿ ಹೇಗಿರುತ್ತದೆಂಬುದನ್ನು ಬರೆದು ತಿಳಿಸಬೇಕಾಗಿಲ್ಲ.

ಅನಂತರ ಎಂದಿನಂತೆ ವಾದ ಆರಂಭವಾಯಿತು. ಮಳೆ ಅತಿಯಾಗಿತ್ತು ಎಂದರು ಕೆಲವರು. ಹೆದ್ದಾರಿ ಅಗಲಗೊಳಿಸಲು ಗುಡ್ಡದ ಬುಡವನ್ನು ಅವೈಜ್ಞಾನಿಕವಾಗಿ ಕಡಿದದ್ದೇ ಕಾರಣವೆಂದರು ಇನ್ನು ಕೆಲವರು. ವಾಸ್ತವದಲ್ಲಿ ಇವೆರಡೂ ಪರಸ್ಪರ ವಿರುದ್ಧವಾದ ಮಾತುಗಳಲ್ಲ. ಕರಾವಳಿಯ ಗುಡ್ಡಗಳಲ್ಲಿ ಮೇಲೆ ಗಟ್ಟಿಯಾದ ಮುರಕಲ್ಲು, ಅದರಡಿಯಲ್ಲಿ ನಮ್ಮ ಹಿರಿಯರು ಶೇಡಿ ಮಣ್ಣು ಎನ್ನುವ ಮೆದು ಮಣ್ಣು ಇರುತ್ತದೆ. ಒಣಗಿದ್ದಾಗ ಅದು ಗೋಡೆಯಂತೆ ನಿಲ್ಲುತ್ತದೆ. ನೀರು ಕುಡಿದರೆ ಬಲ ಕಳೆದುಕೊಳ್ಳುತ್ತದೆ. ಬಾವಿ ತೋಡುವ ಕೆಲಸಗಾರನಿಗೂ ಇದು ಗೊತ್ತು. ಆದ್ದರಿಂದಲೇ ಇಂತಹ ಗುಡ್ಡವನ್ನು ನೇರವಾಗಿ ಗೋಡೆಯಂತೆ ಕಡಿಯದೆ ಮೆಟ್ಟಿಲು ಮೆಟ್ಟಿಲಾಗಿ ಇಳಿಜಾರು ಕೊಟ್ಟು ಕಡಿಯಬೇಕು, ಮೇಲ್ಭಾಗದಲ್ಲಿ ಮಳೆ ನೀರನ್ನು ಬೇರೆಡೆಗೆ ತಿರುಗಿಸುವ ಚರಂಡಿ ಮಾಡಬೇಕು, ಬುಡಕ್ಕೆ ತಡೆಗೋಡೆ ಕಟ್ಟಬೇಕು. ಆದರೆ ಇಳಿಜಾರು ಕೊಡಲು ಹೆಚ್ಚು ಜಾಗ ಬೇಕು. ಹೆಚ್ಚು ಜಾಗಕ್ಕೆ ಹೆಚ್ಚು ಪರಿಹಾರ ಕೊಡಬೇಕು. ಉಳಿತಾಯ ನಡೆಯುವುದು ಇಲ್ಲಿಯೇ.

ದೊಡ್ಡ ನಿರ್ಮಾಣ ಕಂಪೆನಿಗಳಿಗೆ ಪರಿಸರದ ಜವಾಬ್ದಾರಿಯನ್ನು ಯಾರೂ ಹೇಳಿಕೊಟ್ಟಿಲ್ಲವೆಂದಲ್ಲ. ಕಾಗದದಲ್ಲಿ ಅದು ಬೇಕಾದಷ್ಟಿದೆ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ದೊಡ್ಡ ಯೋಜನೆಗಳಿಗೆ ಪೂರ್ವಾನುಮತಿ ಬೇಕು. ಅನುಮತಿ ಪಡೆದವರು ಷರತ್ತುಗಳ ಪಾಲನೆಯ ಬಗ್ಗೆ ಆರು ತಿಂಗಳಿಗೊಮ್ಮೆ ವರದಿ ಕೊಡಬೇಕು. ಕಂಪೆನಿಗಳಲ್ಲಿ ಪರಿಸರ ವಿಭಾಗಗಳಿವೆ, ಅಧಿಕಾರಿಗಳಿದ್ದಾರೆ. ಕಚೇರಿಯ ಗೋಡೆಯಲ್ಲಿ ಐಎಸ್‌ಒ 14001 ಪ್ರಮಾಣಪತ್ರ ತೂಗುತ್ತಿರುತ್ತದೆ. ಈ ಪ್ರಮಾಣಪತ್ರ ಹೇಳುವುದು ಕಂಪೆನಿಯಲ್ಲಿ ಪರಿಸರ ನಿರ್ವಹಣೆಗೊಂದು ವ್ಯವಸ್ಥೆಯಿದೆ ಎಂದು ಮಾತ್ರ. ಇಂತಿಂತಹ ಗುಡ್ಡ ಸುರಕ್ಷಿತವಾಗಿದೆ ಎಂದು ಅದು ಹೇಳುವುದಿಲ್ಲ.

ಕಾನೂನಿನಲ್ಲೂ ಕಿಂಡಿಗಳಿವೆ. 2013ರ ತಿದ್ದುಪಡಿಯಂತೆ ಇರುವ ರಾಷ್ಟ್ರೀಯ ಹೆದ್ದಾರಿಯನ್ನು ಅಗಲಗೊಳಿಸುವಾಗ ಉದ್ದ 100 ಕಿಲೋಮೀಟರ್ ಮೀರಿ, ಹೊಸದಾಗಿ ಪಡೆಯುವ ಭೂಮಿಯೂ ನಿಗದಿತ ಅಗಲವನ್ನು ಮೀರಿದರೆ ಮಾತ್ರ ಪೂರ್ವಾನುಮತಿ ಬೇಕು. ಉತ್ತರಾಖಂಡದ ಚಾರ್‌ಧಾಮ್ ಹೆದ್ದಾರಿ ಸುಮಾರು 900 ಕಿಲೋಮೀಟರ್ ಉದ್ದದ ಯೋಜನೆ. ಅದನ್ನು 53 ಕಾಮಗಾರಿಗಳಾಗಿ ತುಂಡರಿಸಲಾಯಿತು. ಪ್ರತಿಯೊಂದೂ 100 ಕಿಲೋಮೀಟರಿಗಿಂತ ಕಡಿಮೆ! 2020ರ ಮಾರ್ಚ್‌ನಲ್ಲಿ ರಸ್ತೆಯಂತಹ ಕಾಮಗಾರಿಗಳಿಗೆ ಮಣ್ಣು ತೆಗೆಯಲು ಪರಿಸರ ಅನುಮತಿಯೇ ಬೇಡವೆಂದು ಕೇಂದ್ರ ಸರಕಾರ ವಿನಾಯಿತಿ ನೀಡಿತು. ಸುಪ್ರೀಂ ಕೋರ್ಟ್ ಅದನ್ನು ರದ್ದುಗೊಳಿಸಿದ್ದು 2024ರ ಮಾರ್ಚ್ 21ರಂದು. ಆ ನಾಲ್ಕು ವರ್ಷಗಳಲ್ಲಿ ಎಷ್ಟು ಗುಡ್ಡಗಳು ಲಾರಿ ಏರಿ ಹೋದವೋ ಅಲ್ಲಾಹನೇ ಬಲ್ಲ.

ಇನ್ನು ಕಂಪೆನಿಗಳ ವಾರ್ಷಿಕ ವರದಿಗಳನ್ನು ನೋಡಿ. ಹಸಿರು ಬಣ್ಣದ ಪುಟಗಳಲ್ಲಿ ನೆಟ್ಟ ಗಿಡಗಳ ಲೆಕ್ಕ, ಶಾಲೆಗೆ ಕೊಟ್ಟ ಬೆಂಚುಗಳು, ಹಂಚಿದ ಪುಸ್ತಕದ ಚೀಲಗಳು. 2013ರ ಕಂಪೆನಿ ಕಾಯ್ದೆಯ 135ನೇ ಕಲಮಿನ ಪ್ರಕಾರ ನಿರ್ದಿಷ್ಟ ಗಾತ್ರದ ಕಂಪೆನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ಖರ್ಚು ಮಾಡಬೇಕು. ಒಳ್ಳೆಯ ಕೆಲಸವೇ. ಆದರೆ ತನ್ನದೇ ಕಾಮಗಾರಿಯಿಂದಾದ ಹಾನಿಯನ್ನು ಸರಿಪಡಿಸುವುದು ಇದರಿಂದ ತೀರುವುದಿಲ್ಲ. ಮದ್ರಸದ ಮಕ್ಕಳಿಗೂ ತಿಳಿದಿರುವ ಮಸ್‌ಅಲ ಇದು: ಹೆಗಲ ಮೇಲೆ ಸಾಲವಿಟ್ಟುಕೊಂಡು ಊರಿಗೆಲ್ಲ ಸದಖ ಹಂಚಿದರೆ ಸಾಲ ತೀರುವುದಿಲ್ಲ. ಸಾಲ ಕೊಟ್ಟವನ ಹಕ್ಕು ಹಾಗೆಯೇ ಉಳಿಯುತ್ತದೆ. ಕಡಿದ ಗುಡ್ಡದ ಕೆಳಗಿನ ಮನೆಯವನು ಕಂಪೆನಿಯ ಸಾಲಗಾರನಲ್ಲ, ಅವನಿಗೆ ಕಂಪೆನಿಯೇ ಸಾಲಗಾರ. ಅವನಿಗೆ ಬೇಕಾಗಿರುವುದು ಬೇರೆಲ್ಲೋ ನೆಟ್ಟ ಸಸಿಯಲ್ಲ, ತನ್ನ ಹಿತ್ತಲಿನ ಹಿಂದೊಂದು ತಡೆಗೋಡೆ.

ಫಿಕ್‌ಹ್ ಗ್ರಂಥಗಳಲ್ಲಿ ಸಾರ್ವಜನಿಕ ದಾರಿಯಲ್ಲಿ ಗುಂಡಿ ತೋಡಿದವನ ಬಗ್ಗೆ ವಿವರವಾದ ಚರ್ಚೆಯಿದೆ. ಅಧಿಕಾರಸ್ಥರ ಅನುಮತಿಯಿಲ್ಲದೆ ತನ್ನ ಲಾಭಕ್ಕಾಗಿ ತೋಡಿದ ಗುಂಡಿಗೆ ಯಾರಾದರೂ ಬಿದ್ದು ಸತ್ತರೆ ಪರಿಹಾರದ ಹೊಣೆ ತೋಡಿದವನ ಮೇಲೆ ಬರುತ್ತದೆ. ಅನುಮತಿ ಪಡೆದು ಸಾರ್ವಜನಿಕರ ಹಿತಕ್ಕಾಗಿ ತೋಡಿದರೆ ವಿಧಿ ಬೇರೆ. ಆದರೆ ಅಲ್ಲಿಯೂ ಉಲಮಾಗಳು ನೋಡುವುದು 'ತಅದ್ದೀ', ಅಂದರೆ ಅವನು ಮಿತಿ ಮೀರಿದ್ದಾನೆಯೇ ಎಂಬುದನ್ನು. "ನಮಗೆ ಸರಕಾರದ ಅನುಮತಿಯಿತ್ತು" ಎಂಬ ಇಂದಿನ ಕಂಪೆನಿಗಳ ಉತ್ತರವನ್ನು ಈ ಅಳತೆಯಲ್ಲಿ ತೂಗಿ ನೋಡಬಹುದು. ಅನುಮತಿ ಸಿಕ್ಕಿದ್ದು ರಸ್ತೆ ಮಾಡಲು. ಚರಂಡಿ ಬಿಡದೆ ಗುಡ್ಡ ಕಡಿಯಲು ಯಾರೂ ಅನುಮತಿ ಕೊಟ್ಟಿಲ್ಲ. ಇನ್ನು ಅನುಮತಿ ಕೊಟ್ಟವರ ವಿಷಯ. ಇರಾಕಿನಲ್ಲೊಂದು ಹೇಸರಗತ್ತೆ ಎಡವಿದರೂ ದಾರಿಯನ್ನೇಕೆ ಸಮತಟ್ಟು ಮಾಡಲಿಲ್ಲವೆಂದು ಅಲ್ಲಾಹನು ತನ್ನನ್ನು ಪ್ರಶ್ನಿಸುವನೆಂದು ಉಮರ್(ರ) ಭಯಪಟ್ಟಿದ್ದರೆಂಬ ವರದಿ ಪ್ರಸಿದ್ಧವಾಗಿದೆ. ನಮ್ಮ ಅಧಿಕಾರಿಗಳು ಗುತ್ತಿಗೆದಾರನತ್ತ ಬೆರಳು ತೋರಿಸಿ ಸುಮ್ಮನಾಗುತ್ತಾರೆ.

ಹೊಣೆ ಹೊರಿಸಲು ಸಾಧ್ಯವೇ ಇಲ್ಲವೇ? ಸಾಧ್ಯವಿದೆ. ಇದೇ ಹೆದ್ದಾರಿ 66ರಲ್ಲಿ 2025ರ ಮೇ 19ರಂದು ಕೇರಳದ ಮಲಪ್ಪುರಂ ಜಿಲ್ಲೆಯ ಕೂರಿಯಾಡ್‌ನಲ್ಲಿ ಗದ್ದೆಯ ಮೇಲೆ ಮಣ್ಣು ತುಂಬಿ ಎತ್ತರಿಸಿದ್ದ ರಸ್ತೆ ಕುಸಿಯಿತು. ಕೆಳಗಿನ ಮೆದು ಗದ್ದೆ ಮಣ್ಣು ಆ ಭಾರವನ್ನು ತಾಳಲಿಲ್ಲ. ಗುತ್ತಿಗೆದಾರ ಕೆಎನ್‌ಆರ್ ಕನ್‌ಸ್ಟ್ರಕ್ಷನ್ಸ್ ಕಂಪೆನಿಯನ್ನು ಹೆದ್ದಾರಿ ಪ್ರಾಧಿಕಾರ ಟೆಂಡರುಗಳಿಂದ ಹೊರಗಿಟ್ಟಿತು. ಅಲ್ಲಿ ಸ್ವಂತ ಖರ್ಚಿನಲ್ಲಿ ಕಂಬಗಳ ಮೇಲೆ ಸೇತುವೆ ಕಟ್ಟಬೇಕೆಂದೂ ಹೇಳಿತು. ಮರು ತಿಂಗಳು ಕಾಸರಗೋಡಿನ ಚೆರುವತ್ತೂರಿನಲ್ಲಿ ಗುಡ್ಡದ ಇಳಿಜಾರು ಕುಸಿದಾಗ ಮೇಘಾ ಎಂಜಿನಿಯರಿಂಗ್ ಕಂಪೆನಿಯ ಮೇಲೂ ಅಂತಹುದೇ ಕ್ರಮವಾಯಿತು. ಅಸಮರ್ಪಕ ವಿನ್ಯಾಸ, ಸಾಲದ ಇಳಿಜಾರು ರಕ್ಷಣೆ, ಕಳಪೆ ಚರಂಡಿ ವ್ಯವಸ್ಥೆ ಎಂಬ ಕಾರಣಗಳನ್ನು ಪ್ರಾಧಿಕಾರವೇ ನೀಡಿತು. ಈ ಎರಡೂ ರಸ್ತೆಗಳನ್ನು 15 ವರ್ಷ ಗುತ್ತಿಗೆದಾರನೇ ನಿರ್ವಹಿಸಬೇಕೆಂಬ ಕರಾರಿದೆ. ಕಟ್ಟಿ ಕೈತೊಳೆದುಕೊಳ್ಳುವ ಕಾಲಕ್ಕಿಂತ ಇದು ಮೇಲು. ಆದರೆ ಕ್ರಮವೆಲ್ಲ ಕುಸಿದ ನಂತರದ್ದು ಎಂಬ ನೋವು ಉಳಿದೇ ಉಳಿಯುತ್ತದೆ.

ಕುಸಿಯುವುದಕ್ಕೆ ಮೊದಲು ಕೇಳುವ ದಾರಿಯೂ ಇದೆ. ಪರಿಸರ ಅನುಮತಿ ಸಿಕ್ಕಿದೊಡನೆ ಕಂಪೆನಿಯು ಅದನ್ನು ಎರಡು ಸ್ಥಳೀಯ ಪತ್ರಿಕೆಗಳಲ್ಲಿ ಪ್ರಕಟಿಸಬೇಕು. ಪ್ರತಿಯನ್ನು ಪಂಚಾಯತಿಗೂ ಕೊಡಬೇಕು, ಪಂಚಾಯತಿ ಅದನ್ನು 30 ದಿನ ಪ್ರದರ್ಶಿಸಬೇಕು. ಆರು ತಿಂಗಳ ಪಾಲನಾ ವರದಿಯೂ ಸಾರ್ವಜನಿಕ ದಾಖಲೆ. ನಿಮ್ಮೂರಲ್ಲಿ ಹೆದ್ದಾರಿಯ ಕೆಲಸ ನಡೆಯುತ್ತಿದ್ದರೆ ಅನುಮತಿ ಪತ್ರವಿದೆಯೇ ಎಂದು ಪಂಚಾಯತಿಯಲ್ಲಿ ಕೇಳಿ. ಜಮಾಅತಿನ ಕಮಿಟಿಯೋ ಮಹಿಳೆಯರ ಸ್ವಸಹಾಯ ಸಂಘವೋ ಒಂದು ಅರ್ಜಿ ಬರೆದರೆ ಸಾಕು. ತೆಗೆದ ಮಣ್ಣನ್ನು ಎಲ್ಲಿ ಸುರಿಯುತ್ತೀರಿ, ಗುಡ್ಡದ ಮೇಲಿನ ನೀರು ಎತ್ತ ಹೋಗುತ್ತದೆ ಎಂಬ ಎರಡು ಪ್ರಶ್ನೆಗಳಿಗೆ ಲಿಖಿತ ಉತ್ತರ ಕೇಳಿ, ಸ್ವೀಕೃತಿ ಪಡೆದುಕೊಳ್ಳಿ. ಅರ್ಜಿ ಹೋಗಬೇಕಾದದ್ದು ಮೇ ತಿಂಗಳಿಗೆ ಮೊದಲು. ಜೂನ್ ಬಂದರೆ ಗುಡ್ಡದ ಮೇಲೆ ಹತ್ತಿ ನೋಡುವವರೂ ಇರುವುದಿಲ್ಲ.