ಪವನ್ ಹೋದ ಮೇಲೆ, ರಮೇಶ್ ಬಂದ ಮೇಲೆ

ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರಿನ ಕಬಡ್ಡಿ ಪ್ರೇಮಿಗಳೇ, 2019ರ ಜನವರಿ 5 ನೆನಪಿದೆಯಾ? ಮುಂಬೈಯಲ್ಲಿ ಪ್ರೊ ಕಬಡ್ಡಿ ಫೈನಲ್. ಗುಜರಾತ್ ವಿರುದ್ಧ 38–33ರಿಂದ ಗೆದ್ದು ನಮ್ಮ ಬೆಂಗಳೂರು ಬುಲ್ಸ್ ಮೊದಲ ಸಲ ಚಾಂಪಿಯನ್. ಪವನ್ ಸೆಹ್ರಾವತ್ ಒಬ್ಬರೇ ತಂದಿದ್ದು 22 ಪಾಯಿಂಟ್!

ಆಮೇಲೂ ಎರಡು ಸೀಸನ್ ಬುಲ್ಸ್ ಅವರನ್ನು ಉಳಿಸಿಕೊಂಡಿತು. 2022ರಲ್ಲಿ ಕೈತಪ್ಪಿದರು. ಕಾರಣ, ಲೆಕ್ಕ. ಆ ವರ್ಷ ಇಡೀ ತಂಡ ಕಟ್ಟೋಕೆ ಇದ್ದ ಮಿತಿ 4.4 ಕೋಟಿ. ಹರಾಜಲ್ಲಿ ತಮಿಳ್ ತಲೈವಾಸ್ ಪವನ್‌ಗೆ ಕೊಟ್ಟಿದ್ದು 2.26 ಕೋಟಿ. ಅರ್ಧಕ್ಕಿಂತ ಜಾಸ್ತಿ! ಕೊನೇ ಬಿಡ್‌ನಷ್ಟೇ ಹಣ ಕೊಟ್ಟು ಆಟಗಾರನನ್ನು ವಾಪಸ್ ಪಡೆಯೋ ‘ಫೈನಲ್ ಬಿಡ್ ಮ್ಯಾಚ್’ ನಿಯಮ ಹಳೇ ತಂಡಕ್ಕಿದೆ. ಆದರೆ ಒಬ್ಬರಿಗೇ ಅಷ್ಟು ಸುರಿದರೆ ಡಿಫೆಂಡರ್‌ಗಳಿಗೆ ಉಳಿಯೋದೇನು? ಬುಲ್ಸ್ 1.70 ಕೋಟಿಗೆ ರೈಡರ್ ವಿಕಾಸ್ ಖಂಡೋಲಾ ಅವರನ್ನು ತಂದಿತು. ನನಗೆ ಇವತ್ತಿಗೂ ಆ ನಷ್ಟದ ನೋವಿದೆ.

2024ರ ಸೀಸನ್‌ನಲ್ಲಂತೂ ಬುಲ್ಸ್‌ಗೆ 22 ಪಂದ್ಯಗಳಲ್ಲಿ ಬರೀ 2 ಗೆಲುವು, ಕೊನೇ ಸ್ಥಾನ.

2025ಕ್ಕೆ ಹೊಸ ಕೋಚ್ ಬಂದರು. ಕನ್ನಡಿಗ, ಅರ್ಜುನ ಪ್ರಶಸ್ತಿ ವಿಜೇತ ಬಿ.ಸಿ. ರಮೇಶ್. 2019ರಲ್ಲಿ ಬೆಂಗಾಲ್ ವಾರಿಯರ್ಸ್, 2024ರಲ್ಲಿ ಪುಣೇರಿ ಪಲ್ಟನ್, ಎರಡನ್ನೂ ಚಾಂಪಿಯನ್ ಮಾಡಿದ ಕೋಚ್. ಅವರ ಕೈಯಲ್ಲಿ ಇರಾನಿನ ಅಲಿರೆಜಾ ಮಿರ್ಜಾಯಿಯಾನ್ ಮಿಂಚಿದರು, ಬುಲ್ಸ್ ಪ್ಲೇಆಫ್ ತಲುಪಿತು.

ಇಂಥ ರೈಡರ್‌ನನ್ನು ಬುಲ್ಸ್ ಬಿಡಬಾರದು. ಜೊತೆಗೆ, ನಮ್ಮೂರ ಹೊನಲು ಬೆಳಕಿನ ಪಂದ್ಯಗಳಿಗೂ ರಮೇಶ್ ಸರ್ ಒಮ್ಮೆ ಬರಲಿ. ಚಿಕ್ಕಬಳ್ಳಾಪುರ ಬೆಂಗಳೂರಿಗೆ ದೂರವೇನಲ್ಲ.