ಗಂಡ-ಹೆಂಡತಿ ಜಂಟಿ ಸಾಲ: ವಿಮೆ ಯಾರ ಹೆಸರಿನಲ್ಲಿದೆ?



ಹೈದರಾಬಾದಿನಲ್ಲಿ ಹೋಟೆಲ್ ನಡೆಸುವ ನಮ್ಮವರಲ್ಲಿ ಹೆಚ್ಚಿನವರು ಸಾಲ ಮಾಡಿಯೇ ಮೇಲೆ ಬಂದವರು. ಜಾಗದ ಅಡ್ವಾನ್ಸ್, ಗ್ರೈಂಡರ್, ಫ್ರಿಜ್, ಕೊನೆಗೊಂದು ಮನೆ, ಎಲ್ಲಕ್ಕೂ ಬ್ಯಾಂಕೇ ಗತಿ. ಮನೆ ಹೆಂಡತಿಯ ಹೆಸರಿನಲ್ಲಿದ್ದರೆ ಅಥವಾ ಒಬ್ಬರ ಆದಾಯ ಸಾಲದಿದ್ದರೆ ಬ್ಯಾಂಕಿನವರು ಇಬ್ಬರ ಸಹಿಯನ್ನೂ ಕೇಳುತ್ತಾರೆ. ಜಂಟಿ ಸಾಲ ಎಂದರೆ ಅರ್ಧರ್ಧ ಸಾಲವಲ್ಲ. ಒಬ್ಬರು ತೀರಿಕೊಂಡರೆ ಉಳಿದವರೇ ಪೂರ್ತಿ ಕಟ್ಟಬೇಕು.

2020ರ ಲಾಕ್‌ಡೌನಿನಲ್ಲಿ ನಮ್ಮ ಗಲ್ಲಾ ಬರಿದಾಯಿತು. ಕಂತು ಮುಂದೂಡಲು ಆರು ತಿಂಗಳ ಅವಕಾಶ ಸಿಕ್ಕಿತು, ಆದರೆ ಬಡ್ಡಿ ಬೆಳೆಯುತ್ತಲೇ ಇತ್ತು. 2021ರ ಎರಡನೇ ಅಲೆಯಲ್ಲಿ ಯಜಮಾನರನ್ನೇ ಕಳೆದುಕೊಂಡ ಮನೆಗಳಲ್ಲಿ ದುಃಖದ ಜೊತೆಗೆ ಕಂತೂ ಉಳಿಯಿತು. ಇದಕ್ಕಾಗಿಯೇ ಸಾಲಕ್ಕೆ ವಿಮೆ ಬೇಕು ಎನ್ನುವುದು.

ಎಷ್ಟು ಪಾಲಿಗೆ ವಿಮೆ?

40 ಲಕ್ಷ ಸಾಲವಿದೆ ಎನ್ನೋಣ. ವಿಮೆ ಗಂಡನ ಹೆಸರಿಗೆ ಮಾತ್ರವಿದ್ದರೆ, ಹೆಂಡತಿ ತೀರಿಕೊಂಡಾಗ ಒಂದು ರೂಪಾಯಿಯೂ ಬಾರದು. ತಲಾ 50 ಪಾಲಿಗೆ ಇದ್ದರೆ 20 ಲಕ್ಷ ತೀರಿ, 20 ಲಕ್ಷ ಉಳಿಯುತ್ತದೆ. ಇಬ್ಬರನ್ನೂ ಪೂರ್ತಿ ಮೊತ್ತಕ್ಕೆ ಸೇರಿಸಿದ ಜಂಟಿ ಪಾಲಿಸಿಯಲ್ಲಿ ಯಾರು ಮೊದಲು ಹೋದರೂ ಸಾಲ ತೀರುತ್ತದೆ. ಮನೆಯಾಕೆ ಗಲ್ಲಾದಲ್ಲಿ ಕೂರುವುದಿಲ್ಲ, ಅವರಿಗೇಕೆ ವಿಮೆ ಎನ್ನಬೇಡಿ. ಲೆಕ್ಕ, ಮಸಾಲೆ ಪುಡಿ, ಮಕ್ಕಳು, ಹಿರಿಯರು ಎಲ್ಲವನ್ನೂ ನೋಡಿಕೊಳ್ಳುವವರು ಇಲ್ಲವಾದರೆ ಹೋಟೆಲೇ ಕುಂಟುತ್ತದೆ.

ಸಹಿ ಹಾಕುವ ಮುನ್ನ

1. ಸಾಲಕ್ಕೆ ಜೀವ ವಿಮೆ ಕಾನೂನಿನಿಂದ ಕಡ್ಡಾಯವಲ್ಲ. ಬೇಕೆನಿಸಿದರೆ ಬೇರೆ ಕಂಪನಿಯ ಟರ್ಮ್ ಪಾಲಿಸಿಯ ದರವನ್ನೂ ಕೇಳಿ ನೋಡಿ.

2. ಪ್ರೀಮಿಯಂ ಅನ್ನು ಸಾಲಕ್ಕೇ ಸೇರಿಸಿದರೆ ಅದಕ್ಕೂ ಬಡ್ಡಿ. 1 ಲಕ್ಷ ಪ್ರೀಮಿಯಂಗೆ ಶೇಕಡಾ 10ರ ಬಡ್ಡಿಯಲ್ಲಿ 15 ವರ್ಷಕ್ಕೆ ಕಟ್ಟುವುದು ಸುಮಾರು 1 ಲಕ್ಷ 93 ಸಾವಿರ.

3. ಇಂತಹ ಅನೇಕ ಪಾಲಿಸಿಗಳಲ್ಲಿ ವಿಮೆ ಮೊತ್ತ ವರ್ಷವರ್ಷ ಇಳಿಯುತ್ತದೆ. ಆದರೆ ಬಡ್ಡಿ ಏರಿದರೆ ಸಾಲ ಅಷ್ಟೇ ವೇಗದಲ್ಲಿ ಇಳಿಯದು. 2022ರ ಮೇಯಿಂದ 2023ರ ಫೆಬ್ರವರಿಯೊಳಗೆ ರಿಸರ್ವ್ ಬ್ಯಾಂಕಿನ ರೆಪೋ ದರ ಶೇಕಡಾ 4ರಿಂದ 6.5ಕ್ಕೆ ಏರಿ, ಬಹಳ ಮಂದಿಯ ಸಾಲದ ಅವಧಿ ಉದ್ದವಾಯಿತು. ಎರಡನ್ನೂ ವರ್ಷಕ್ಕೊಮ್ಮೆ ಹೋಲಿಸಿ ನೋಡಿ.

4. ಶುಗರ್, ಬಿ.ಪಿ. ಮುಚ್ಚಿಡಬೇಡಿ. ಒಲೆಯ ಮುಂದೆ, ಹೊತ್ತಲ್ಲದ ಹೊತ್ತಿನಲ್ಲಿ ಊಟ ಮಾಡುವ ನಮ್ಮಲ್ಲಿ ಇವು ಅಪರೂಪವಲ್ಲ. ಮುಚ್ಚಿಟ್ಟದ್ದು ಮೊದಲ 3 ವರ್ಷದೊಳಗೆ ಹೊರಬಿದ್ದರೆ ಕಂಪನಿ ಹಣ ನಿರಾಕರಿಸಬಹುದು.

5. ಸಾಲ ಬೇಗ ತೀರಿಸಿದರೆ ಅಥವಾ ಬೇರೆ ಬ್ಯಾಂಕಿಗೆ ಬದಲಿಸಿದರೆ, ವಿಮೆಯ ಹಣದಲ್ಲಿ ಎಷ್ಟು ವಾಪಸು ಬರುತ್ತದೆ ಎಂದು ಕೇಳಿ.

ಸಾಲದ ವಿಮೆ ಬ್ಯಾಂಕಿನ ಸಾಲ ತೀರಿಸುತ್ತದೆ, ಮನೆ ಖರ್ಚಿಗಲ್ಲ. ಅದಕ್ಕೆ ಬೇರೆ ಪಾಲಿಸಿ ಇರಲಿ. 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯಡಿ ಗಂಡ ಮಾಡಿಸಿದ ಪಾಲಿಸಿಯ ಹಣ ಹೆಂಡತಿ ಮಕ್ಕಳಿಗೇ ಸೇರುತ್ತದೆ. ಗಂಡನ ವ್ಯಾಪಾರದ ಸಾಲಗಾರರು ಅದಕ್ಕೆ ಕೈ ಹಾಕುವಂತಿಲ್ಲ.

ಪಾಲಿಸಿ ಹೋಟೆಲಿನ ಬೀರುವಿನಲ್ಲಿದ್ದರೆ ಸಾಲದು. ಅದರ ನಂಬರು, ಕಂಪನಿ, ಸಾಲದ ಖಾತೆ ಮನೆಯವರಿಗೂ ತಿಳಿದಿರಲಿ. ಹಳೆ ಸಾಲ ಇದ್ದವರು ಈ ವಾರವೇ ಕಾಗದ ತೆಗೆದು, ವಿಮೆ ಯಾರ ಹೆಸರಿನಲ್ಲಿ, ಎಷ್ಟಕ್ಕೆ ಇದೆ ಎಂದು ಇಬ್ಬರೂ ಕೂತು ಓದಿ.