ಒಂದು ಅಡಿ ಬಿರುಕಿಗೆ ಒಂದು ಕಿರುಮಂತ್ರ

ಕಳೆದ ಬೇಸಿಗೆ ರಜೆಯಲ್ಲಿ ಅಜ್ಜಂಪುರದ ನಮ್ಮ ಮನೆಯ ಪಡಸಾಲೆಯಲ್ಲಿ ನಾಲ್ಕು ದಿನ ಒಂದು ಸಾಹಸಯಾತ್ರೆ ನಡೆಯಿತು. ಅದಕ್ಕೆ ಬೇಕಾದ ಸರಂಜಾಮು ಒಂದು ನೋಟ್‌ಬುಕ್, ನಾಲ್ಕು ಪೆನ್ಸಿಲ್ ಮತ್ತು ಇಪ್ಪತ್ತು ಮುಖಗಳ ಒಂದು ದಾಳ, ಅಷ್ಟೆ. ಆಟ ನಡೆಸುತ್ತಿದ್ದವಳು ಎಂಜಿನಿಯರಿಂಗ್ ಓದುತ್ತಿರುವ ನನ್ನ ತಂಗಿಯ ಮಗಳು. ಆಡುತ್ತಿದ್ದವರು ಅವಳ ತಮ್ಮ, ನನ್ನ ಮಗ ಮತ್ತು ಪಕ್ಕದ ಮನೆಯ ಹುಡುಗ. ಆಟದ ಹೆಸರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಇದನ್ನು ಪ್ರಕಟಿಸಿದರು.

ಮಕ್ಕಳ ಕಾಲಹರಣವೆಂದು ಮೊದಲ ದಿನ ನಾನು ಮೂಗು ಮುರಿದದ್ದು ನಿಜ. ಪಕ್ಕದಲ್ಲಿ ಕುಳಿತು ಕೇಳತೊಡಗಿದ ಮೇಲೆ ತಾಳಮದ್ದಳೆ ನೆನಪಾಯಿತು. ಅಲ್ಲಿಯೂ ವೇಷವಿಲ್ಲ, ಕುಣಿತವಿಲ್ಲ. ಕುಳಿತಲ್ಲೇ ಒಬ್ಬರು ಕೃಷ್ಣ, ಇನ್ನೊಬ್ಬರು ಕೌರವ. ಪದ್ಯ ಮೊದಲೇ ಗೊತ್ತಿರುತ್ತದೆ, ಆಡುವ ಮಾತು ಮಾತ್ರ ಆ ಕ್ಷಣದ್ದು. ಕಾಸರಗೋಡಿನ ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ಕಟ್ಟಿನೊಳಗೇ ನಿಂತು ಕಟ್ಟನ್ನು ಹಿಗ್ಗಿಸಿದ ಬಗೆಯನ್ನು ಕೇಳಿದವರು ಬಲ್ಲರು. ಈ ಆಟದಲ್ಲಿ ಪದ್ಯದ ಸ್ಥಾನದಲ್ಲಿ ನಿಯಮಗಳಿವೆ.

ಆ ನಿಯಮಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಸಣ್ಣ ಮಂತ್ರಗಳು. ಮೊದಲ ಆವೃತ್ತಿಗಳಲ್ಲಿ ಮಾಂತ್ರಿಕನು ಬೆಳಿಗ್ಗೆ ಕಂಠಪಾಠ ಮಾಡಿದ ಮಂತ್ರ ಪ್ರಯೋಗಿಸಿದೊಡನೆ ಮರೆತುಹೋಗುತ್ತಿತ್ತು. ಜಾಕ್ ವಾನ್ಸ್ ಎಂಬ ಲೇಖಕನ ಕಥೆಗಳಿಂದ ಬಂದ ಕಲ್ಪನೆ ಅದು. ಪರಶುರಾಮರ ಶಾಪದಿಂದ ಕರ್ಣನಿಗೆ ಅಸ್ತ್ರ ಮರೆತ ಕಥೆ ಬಲ್ಲ ನಮಗೆ ಅದರಲ್ಲಿ ಹೊಸತೇನೂ ಇಲ್ಲ. 1985ರಲ್ಲಿ ಪ್ರಕಟವಾದ ಪೂರಕ ಗ್ರಂಥವೊಂದರಲ್ಲಿ ‘ಕ್ಯಾಂಟ್ರಿಪ್’ ಎಂಬ ಕಿರುಮಂತ್ರಗಳು ಸೇರಿದವು. 2014ರ ನಿಯಮಗಳ ಪ್ರಕಾರ ಅವನ್ನು ದಿನಕ್ಕೆ ಎಷ್ಟು ಸಲ ಬೇಕಾದರೂ ಪ್ರಯೋಗಿಸಬಹುದು. ದೊಡ್ಡ ಮಂತ್ರಗಳಿಗೆ ಮಾತ್ರ ಲೆಕ್ಕ. ಹೊಸ ಮಾಂತ್ರಿಕನಿಗೆ ದಿನಕ್ಕೆ ಎರಡು.

ಕಿರುಮಂತ್ರಗಳ ಶಕ್ತಿಯಾದರೂ ಎಷ್ಟು? ಒಂದು ಮಾಯದ ಕೈ ಮೂವತ್ತು ಅಡಿ ದೂರದಿಂದ ನಾಲ್ಕೂವರೆ ಕಿಲೋ ಎತ್ತಬಲ್ಲದು, ಹೊಡೆಯಲಾರದು. ಇನ್ನೊಂದು ಮಂತ್ರ ದೀಪ ಹಚ್ಚಬಲ್ಲದು, ಆರಿಸಬಲ್ಲದು, ಬಟ್ಟೆಯ ಕೊಳೆ ತೆಗೆಯಬಲ್ಲದು, ಒಂದು ಗಂಟೆಯ ಕಾಲ ತಿನಿಸಿನ ರುಚಿ ಬದಲಿಸಬಲ್ಲದು. ಇಷ್ಟನ್ನೇ ಇಟ್ಟುಕೊಂಡು ಹುಡುಗರು ಮಾಡಿದ ಕಸರತ್ತು ನೋಡಬೇಕಿತ್ತು. ಸೆರೆಮನೆಯಲ್ಲಿ ಸಿಕ್ಕಿಬಿದ್ದ ನನ್ನ ಮಗ ಒಣರೊಟ್ಟಿಗೆ ಹೋಳಿಗೆಯ ರುಚಿ ತಂದು ಕಾವಲುಗಾರನ ಸ್ನೇಹ ಸಂಪಾದಿಸಿದ. ತಂಗಿಯ ಮಗ ಮಾಯದ ಕೈಯಿಂದ ಬೀಗದ ಕೈ ಎಗರಿಸಿದ. ಪಕ್ಕದ ಮನೆಯ ಹುಡುಗನ ಬಳಿ ಇದ್ದದ್ದು ಒಂದು ನಿಮಿಷ ಸುಳ್ಳು ಸದ್ದು ಹುಟ್ಟಿಸುವ ಮಂತ್ರ. ಅವನು ಅಮೃತ ಮಹಲ್ ತಳಿ ಸಂವರ್ಧನ ಕೇಂದ್ರದ ಊರಿನವನಲ್ಲವೇ? ಹೋರಿ ಬುಸುಗುಟ್ಟುವ ಸದ್ದು ಹೊರಡಿಸಿ ಕಳ್ಳರನ್ನು ಓಡಿಸಿದ. ಬೆಂಕಿಯುಂಡೆ ಎಸೆಯುವ ದೊಡ್ಡ ಮಂತ್ರವಿದ್ದಿದ್ದರೆ ಎಲ್ಲವೂ ಒಂದೇ ಏಟಿಗೆ ಮುಗಿಯುತ್ತಿತ್ತು. ಯಾರೂ ತಲೆ ಓಡಿಸಬೇಕಾಗಿರಲಿಲ್ಲ.

ಮೂರನೆಯ ದಿನ ಕಥೆ ಒಂದು ಬರದ ಊರಿಗೆ ಬಂತು. ಮಳೆ ತರಿಸುವ ಮಂತ್ರ ಕೈಗೆಟುಕುವಂತಿರಲಿಲ್ಲ. ಇದ್ದದ್ದು ಹತ್ತು ಗ್ಯಾಲನ್, ಅಂದರೆ ಸುಮಾರು ಮೂವತ್ತೆಂಟು ಲೀಟರ್ ನೀರು ಸೃಷ್ಟಿಸುವ ಮಂತ್ರ. ಕಂಬಕ್ಕೊರಗಿ ಕುಳಿತಿದ್ದ ಅಪ್ಪ ನಕ್ಕರು: “ಮೂವತ್ತೆಂಟು ಲೀಟರಾ? ಈರುಳ್ಳಿಯ ಒಂದು ಸಾಲಿಗೂ ಸಾಲದಲ್ಲೋ!” ಆಗ ನನ್ನ ಮಗ ಇನ್ನೊಂದು ಕಿರುಮಂತ್ರ ತೆಗೆದ. ಒಂದು ಅಡಿ ಮೀರದ ಬಿರುಕನ್ನೋ ಹರಕನ್ನೋ ಕೂಡಿಸುವ ಮಂತ್ರ. ಸೋರುತ್ತಿರುವ ಕೆರೆಯ ತೂಬಿನ ಕಲ್ಲನ್ನು ಮಳೆಗಾಲಕ್ಕೆ ಮುಂಚೆ ಸರಿಪಡಿಸುತ್ತೇನೆ ಎಂದ. ಒಂದು ಅಡಿಯಿಂದ ಏನಾದೀತು ಎಂದು ತಂಗಿಯ ಮಗ ಗೇಲಿ ಮಾಡಿದ.

ಅಪ್ಪ ನಗಲಿಲ್ಲ. “ಒಂದು ಅಡಿ ಬೇಡಪ್ಪ, ಏಡಿಯ ಬಿಲ ಸಾಕು” ಎಂದರು.

ನಾನು ನಾಲ್ಕನೆಯ ತರಗತಿಯಲ್ಲಿದ್ದಾಗ ನಮ್ಮ ಗದ್ದೆಗಳ ಮೇಲಿದ್ದ ಪುಟ್ಟ ಕೆರೆ ಒಂದು ರಾತ್ರಿ ಒಡೆದಿತ್ತು. ಗದ್ದೆಯ ಮೇಲೆ ಮೊಣಕಾಲುದ್ದ ಮರಳು ನಿಂತಿತು. ಆ ವರ್ಷವೇ ಅಣ್ಣ ಶಾಲೆ ಬಿಟ್ಟ. ಅತಿವೃಷ್ಟಿಯಿಂದ ಆದದ್ದು ಎಂದೇ ನಾನು ತಿಳಿದಿದ್ದೆ. ಅಪ್ಪ ಅಂದು ಹೇಳಿದ್ದು ಬೇರೆ. ತೂಬಿನ ಪಕ್ಕದ ಬಿಲದಿಂದ ನೀರು ಒಸರುತ್ತಿದ್ದುದನ್ನು ಅವರು ವಾರಕ್ಕೆ ಮುಂಚೆಯೇ ಕಂಡಿದ್ದರು. ಬೇರೆಯವರೂ ಕಂಡಿದ್ದರು. ಹಿಂದಿದ್ದ ನೀರುಗಂಟಿ ತೀರಿಕೊಂಡ ಮೇಲೆ ಆ ಕೆಲಸ ಯಾರದ್ದೂ ಆಗಿರಲಿಲ್ಲ. “ನಾಲ್ಕು ಬುಟ್ಟಿ ಜೇಡಿಮಣ್ಣು ಸಾಕಿತ್ತು. ನಾಳೆ ನೋಡೋಣ ಅಂತ ನಾನೂ ದಾಟಿಕೊಂಡು ಬಂದೆ” ಎಂದರು. ಇಷ್ಟು ವರ್ಷಗಳಲ್ಲಿ ಈ ಮಾತನ್ನು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು.

ಪಡಸಾಲೆ ಸ್ವಲ್ಪ ಹೊತ್ತು ಮೌನವಾಗಿತ್ತು. ಬಳಿಕ ತಂಗಿಯ ಮಗಳು, “ಅಜ್ಜ, ನೀವೇ ಹೇಳಿ, ಮೊದಲು ಯಾವ ಕಲ್ಲು ಕೂಡಿಸಬೇಕು?” ಎಂದಳು. ಅಪ್ಪ ಮುಂದೆ ಸರಿದು ಕುಳಿತರು. ಸಂಜೆಯವರೆಗೂ ಆಟ ತೂಬು, ಏರಿ, ಕೋಡಿಗಳ ಸುತ್ತಲೇ ನಡೆಯಿತು. ಅಂದು ಯಾವ ರಾಕ್ಷಸನೂ ಸಾಯಲಿಲ್ಲ, ಕೆರೆ ಉಳಿಯಿತು.

ನಾವು ದೊಡ್ಡ ಮಂತ್ರಗಳ ಮೋಹಿಗಳು. ನೀರು ಬಾರದ ಕೆರೆಗೆ ಸೊಸೆಯನ್ನೇ ಬಲಿಕೊಟ್ಟ ಭಾಗೀರಥಿಯ ಕಥೆಯನ್ನು ಕಣ್ಣೀರಿಟ್ಟು ಕೇಳುತ್ತೇವೆ. ತೂಬಿನ ಬಿಲ ಮುಚ್ಚಿದವನ ಮೇಲೆ ಹಾಡು ಕಟ್ಟಿದವರಿಲ್ಲ. ನಮ್ಮ ಸೀಮೆಯಲ್ಲಿ ಭದ್ರಾ ಮೇಲ್ದಂಡೆ ಯೋಜನೆಗಾಗಿ ಸುರಂಗ ಕೊರೆಯಲಾಗಿದೆ. ದೊಡ್ಡ ಯೋಜನೆ ಬೇಕು ನಿಜ. ಆದರೆ ಬಂದ ನೀರು ನಿಲ್ಲಬೇಕಾದದ್ದು ಇದೇ ಏರಿಗಳ ಹಿಂದೆ.

ಬಿರುಕು ಕೂಡಿಸುವ ಆ ಮಂತ್ರಕ್ಕೆ ನಿಯಮಗಳಲ್ಲಿ ಒಂದು ಷರತ್ತಿದೆಯಂತೆ. ದೂರದಲ್ಲಿ ನಿಂತು ಅದನ್ನು ಪ್ರಯೋಗಿಸಲಾಗದು. ಒಡೆದ ವಸ್ತುವಿನ ಬಳಿಗೆ ಹೋಗಿ ಅದನ್ನು ಕೈಯಿಂದ ಮುಟ್ಟಲೇಬೇಕು. ಇದನ್ನು ಕೇಳಿದ ಅಪ್ಪ, “ಆ ನಿಯಮ ಬರೆದವನು ಬುದ್ಧಿವಂತ” ಎಂದರು. ಮರುದಿನ ಬೆಳಿಗ್ಗೆ ಊರುಗೋಲು ಹಿಡಿದು, ಮಕ್ಕಳನ್ನು ಕರೆದುಕೊಂಡು ಕೆರೆಯ ಕಡೆ ನಡೆದರು. ನಾನೂ ಹಿಂದೆಯೇ ಹೋದೆ.